ಐದು ಡಿಸ್ಕಿನ ಸಂಜೆ

ಐದು ಡಿಸ್ಕ್ ಹಿಡಿಯುವ ಡಿವಿಡಿ ಪ್ಲೇಯರ್ ನಮ್ಮೂರಿನಲ್ಲಿ ಒಂದೇ ಮನೆಯಲ್ಲಿರುವುದು, ಅದು ನಮ್ಮ ಮನೆಯಲ್ಲಿ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ ಎಂದು ಅತ್ತೆ ಆಡಿಕೊಳ್ಳುತ್ತಾರೆ. ಏರಲಿ. ಬೇರೆ ಯಾವ ಮಾತಿಗೂ ನನ್ನ ದನಿ ಏರಿದ್ದನ್ನು ಅವರು ಕೇಳಿಲ್ಲ. ಹಾಲು ಕಾಯಲು ಇಟ್ಟರೆ ಉಕ್ಕುವವರೆಗೂ ಒಲೆಯ ಮುಂದೆ ನಿಲ್ಲುವವಳು ನಾನು. ಬೀಗ ಹಾಕಿ ಹತ್ತು ಹೆಜ್ಜೆ ನಡೆದು, ಮತ್ತೆ ಹಿಂದಿರುಗಿ ಜಗ್ಗಿ ನೋಡುವವಳು. ಅಂಥವಳಿಗೂ ತಲೆ ಎತ್ತಿ ಹೇಳಿಕೊಳ್ಳುವಂಥ ಒಂದು ವಸ್ತು ಈ ಜನ್ಮದಲ್ಲಿ ಸಿಕ್ಕಿತಲ್ಲ ಎಂದು ನನಗೇ ಆಶ್ಚರ್ಯ.

ನಮ್ಮನೆಯವರು ಷಡಕ್ಷರಿ ಅದನ್ನು ದೂರದ ಪೇಟೆಯಿಂದ ತಂದರು. ಬಸ್ಸಿನ ಮೇಲೆ ಹಾಕಲು ಕಂಡಕ್ಟರ್ ಎಷ್ಟು ಹೇಳಿದರೂ ಕೇಳದೆ, ನಾಲ್ಕು ಗಂಟೆ ಹೊತ್ತು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಇಳಿದಾಗ ಕಾಲು ಮರಗಟ್ಟಿ ಬಸ್ ನಿಲ್ದಾಣದಲ್ಲೇ ಕುಂಟುತ್ತ ನಿಂತರಂತೆ, ಡಬ್ಬಿ ಮಾತ್ರ ಕೆಳಗಿಡಲಿಲ್ಲ. ಕಪ್ಪು ಬಣ್ಣದ, ರೊಟ್ಟಿಯ ಮಣೆಯಷ್ಟು ಅಗಲದ ಪೆಟ್ಟಿಗೆ. ಗುಂಡಿ ಒತ್ತಿದರೆ ಮುಂದಿನ ಖಾನೆ ನಿಧಾನವಾಗಿ ಹೊರಗೆ ಬರುತ್ತದೆ. ಒಳಗೆ ಪಡ್ಡಿನ ಹಂಚಿನ ಹಾಗೆ ದುಂಡಗಿನ ತಟ್ಟೆ, ಅದರಲ್ಲಿ ಐದು ಕುಳಿ. ಒಂದು ಕುಳಿಯ ಸಿನಿಮಾ ಮುಗಿದರೆ ತಟ್ಟೆ ತಾನೇ ತಿರುಗಿ ಮುಂದಿನದನ್ನು ಎತ್ತಿಕೊಳ್ಳುತ್ತದೆ. ತಿರುಗಲು ಹನ್ನೊಂದು ಸೆಕೆಂಡ್ ಬೇಕು. ನಾನು ಎಷ್ಟೋ ಸಲ ಎಣಿಸಿದ್ದೇನೆ.

ಎಣಿಸಲು ಕಾರಣವಿದೆ. ನಮ್ಮೂರಿನಲ್ಲಿ ಕಥೆ ಮುಗಿಯದೆ ಹೊತ್ತು ಮುಳುಗುವುದಿಲ್ಲ. ಊರಿನ ಯಾವ ಮೂಲೆಯಲ್ಲಾದರೂ ಸರಿ, ಒಬ್ಬರು ಕೊನೆ ಗೊತ್ತಿಲ್ಲದ ಕಥೆಯೊಂದರಲ್ಲಿ ಮನಸ್ಸಿಟ್ಟು ಕೂತಿದ್ದರೆ, ಸೂರ್ಯ ಕರಿಕಲ್ಲು ಗುಡ್ಡದ ಭುಜದ ಮೇಲೆ ಹಾಗೇ ನಿಲ್ಲುತ್ತಾನೆ. ಕಥೆ ಮುಗಿದರೆ ಇಳಿಯುತ್ತಾನೆ. ಕೂತವರು ನಡುವೆ ಎದ್ದುಹೋದರೂ ಇಳಿಯುತ್ತಾನೆ. ಗೋಡೆಯ ಗಡಿಯಾರಗಳೂ ಅಷ್ಟು ಹೊತ್ತು ನಿಂತ ಜಾಗದಲ್ಲೇ ಟಿಕ್ ಟಿಕ್ ಎನ್ನುತ್ತಿರುತ್ತವೆ. ಕಾಯದೇ ಇರುವುದು ಹೊಟ್ಟೆ ಒಂದೇ. ಟಿವಿ ಧಾರಾವಾಹಿಗಳನ್ನು ಮಾತ್ರ ಸೂರ್ಯ ಲೆಕ್ಕಕ್ಕೆ ಹಿಡಿದಿಲ್ಲ. ಅವು ಮುಗಿಯುವಂಥವಲ್ಲ ಎಂದು ಅವನಿಗೂ ಗೊತ್ತಿರಬೇಕು.

ಹೀಗಾಗಿ ನಮ್ಮೂರಿನಲ್ಲಿ ಸಿನಿಮಾ ನೋಡುವುದಕ್ಕೆ ಸರದಿ ಇದೆ. ಬೆಳಿಗ್ಗೆ ಯಾರು ಎಷ್ಟಾದರೂ ನೋಡಬಹುದು. ಮಧ್ಯಾಹ್ನ ಮೂರರ ಮೇಲೆ ದಿನಕ್ಕೆ ಒಂದು ಬೀದಿ, ಒಂದೇ ಸಿನಿಮಾ. ಪಟ್ಟಿ ರೇಷನ್ ಅಂಗಡಿಯ ಗೋಡೆಯ ಮೇಲಿರುತ್ತದೆ. ಮಲ್ಲಿಗೆ ಮೊಗ್ಗು ಅರಳಬೇಕು, ಹಸು ಕರೆಯಬೇಕು, ಮಸೀದಿ ಬೀದಿಯವರು ಉಪವಾಸ ಬಿಡಬೇಕು. ಒಬ್ಬರ ಚಪಲಕ್ಕೆ ಊರೆಲ್ಲ ಕಾಯುವುದು ಸರಿಯಲ್ಲವಲ್ಲ. ಬೇರೆಯವರ ಮನೆಯ ಪ್ಲೇಯರ್‌ನಲ್ಲಿ ಎರಡನೆಯ ಸಿನಿಮಾದ ಮಾತೇ ಇರಲಿಲ್ಲ. ಎದ್ದು, ಡಿಸ್ಕ್ ತೆಗೆದು, ಇನ್ನೊಂದನ್ನು ಸೆರಗಿನಲ್ಲಿ ಒರೆಸಿ ಇಡುವಷ್ಟರಲ್ಲಿ ಸಂಜೆ ಜಗುಲಿ ಹತ್ತಿ ಕೂತಿರುತ್ತಿತ್ತು. ನಮ್ಮ ಮನೆಗೆ ಐದರದ್ದು ಬಂದಿದೆ ಎಂದು ಗೊತ್ತಾದ ದಿನ ರೇಷನ್ ಅಂಗಡಿಯವರು ತಾವೇ ಮನೆಗೆ ಬಂದು, "ಮಂಗಳಮ್ಮಾ, ಐದನ್ನೂ ಒಟ್ಟಿಗೆ ಹಾಕಿ ಊರನ್ನ ಹಪ್ಪಳದ ಹಾಗೆ ಒಣಗಿಸಿಬಿಡಬೇಡಿ," ಎಂದರು. ಇಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮೇಲೆ ಸುಮ್ಮನಿರಬೇಕಿತ್ತು. ಆದರೆ ಹೆಮ್ಮೆ ಹೇಗಾದರೂ ಹೊರಗೆ ಬರಲೇಬೇಕಲ್ಲ. ನಮ್ಮಲ್ಲಿದ್ದ ನಾಲ್ಕು ಡಿಸ್ಕುಗಳಿಗೆ ಚೀಟಿ ಬಟ್ಟೆಯ ಚೀಲ ಹೊಲಿದು, ಒಂದೊಂದಾಗಿ ಮನೆಮನೆಗೆ ಕೊಟ್ಟು ಕಳಿಸಿದೆ. "ಐದರ ಪ್ಲೇಯರ್ ಮನೆಯ ಡಿಸ್ಕು" ಎಂದು ಜನ ಅವನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ನೋಡಿ ನನಗೆ ಸುಖವಾಗುತ್ತಿತ್ತು.

ಇನ್ನು ನನ್ನ ಒಂದು ಕೆಟ್ಟ ಚಾಳಿಯ ವಿಷಯ ಹೇಳಲೇಬೇಕು. ನಮ್ಮೂರಿನಲ್ಲಿ ಕಥೆಯ ಕೊನೆಯನ್ನು ಬಾಯಿ ಬಿಟ್ಟು ಹೇಳುವುದಕ್ಕಿಂತ ಹೇಸಿಗೆಯ ಕೆಲಸ ಇನ್ನೊಂದಿಲ್ಲ. ಹೆಣ್ಣು ನೋಡಲು ಬಂದವರು, "ಹುಡುಗಿ ಕೊನೆ ಹೇಳೋ ಪೈಕಿ ಅಲ್ಲ ತಾನೆ?" ಎಂದು ಮೆಲ್ಲಗೆ ವಿಚಾರಿಸುವುದುಂಟು. ನಾನು ಯಾರಿಗೂ ಹೇಳಿದವಳಲ್ಲ. ಆದರೆ ಕಾಲೇಜಿನಲ್ಲಿದ್ದಾಗಿನಿಂದಲೂ ಕೊನೆಯ ಪುಟ ಓದದೆ ಮೊದಲ ಪುಟ ತೆರೆದವಳಲ್ಲ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ಗೊತ್ತಾಗದೆ ನನಗೆ ಉಸಿರು ಸರಾಗವಾಗುವುದಿಲ್ಲ. ಡಿಸ್ಕ್ ಬಂದರೂ ಅಷ್ಟೆ. ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸಿ ಓಡಿಸಿ ಕೊನೆಯ ಹತ್ತು ನಿಮಿಷ ನೋಡಿ, ಆರಿಸಿಬಿಡುವುದು. ಗುಟ್ಟಾಗಿಯೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಪೆಟ್ಟಿಗೆಗೆ ಬಿಟ್ಟ ಜಾಗ ನೆನಪಿರುತ್ತದೆಂದು ನನಗೆ ತಿಳಿದದ್ದು ಆಮೇಲೆ. ನಮ್ಮನೆಯವರು ರಜೆಯ ದಿನ ಬೆಳಿಗ್ಗೆ ಡಿಸ್ಕ್ ಹಾಕಿದರೆ ಅದು ನೇರ ಕೊನೆಯಿಂದಲೇ ಶುರುವಾಗುತ್ತಿತ್ತು. ಅವರು ನನ್ನ ಕಡೆ ನೋಡದೆ, ಒಂದು ಮಾತೂ ಆಡದೆ, ಹಿಂದಕ್ಕೆ ಓಡಿಸಿ ಮೊದಲಿನಿಂದ ಹಚ್ಚುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಅವರು ಹೊಸ ಡಿಸ್ಕೊಂದನ್ನು, ಮೇಲಿನ ಪ್ಲಾಸ್ಟಿಕ್ಕೂ ಹರಿಯದ್ದನ್ನು, ನನ್ನ ಕೈಗೆ ಕೊಟ್ಟರು. "ಇದು ನಿನಗೋಸ್ಕರ ಹುಡುಕಿ ತಂದದ್ದು. ನಿನ್ನ ಬಿ.ಎ.ಗೂ ಒಂದು ಕೆಲಸ ಬೇಕಲ್ಲ," ಎಂದು ನಕ್ಕರು. ಆಮೇಲೆ ಚಪ್ಪಲಿ ಮೆಟ್ಟುತ್ತ, "ಇದನ್ನಾದರೂ ಮೊದಲಿಂದ ನೋಡು ಮಾರಾಯ್ತಿ. ಕೊನೆ ಎಲ್ಲಿಗೂ ಓಡಿಹೋಗಲ್ಲ," ಎಂದರು. ನನ್ನ ಮುಖ ಬಿಸಿಯಾಯಿತು. ಅವರು ಕರೆಂಟ್ ಆಫೀಸಿನ ಮೀಟರ್ ರೀಡರ್. ಆ ದಿನ ಗುಡ್ಡದ ಆಚೆಯ ಹಟ್ಟಿಗಳ ಮೀಟರ್ ನೋಡಲು ಹೋಗಬೇಕಿತ್ತು. "ಹೊತ್ತಿಗೆ ಮುಂಚೆ ಬನ್ನಿ," ಎಂದೆ. ಅದನ್ನು ನಾನು ದಿನಾ ಹೇಳುತ್ತೇನೆ. ಅವರಿಗೆ ಇರುಳುಗುರುಡು. ಹಗಲಲ್ಲಿ ಕಂಬದ ಮೇಲಿನ ಮೀಟರಿನ ಸಣ್ಣ ಅಂಕಿಯನ್ನೂ ಓದುವ ಕಣ್ಣು, ಹೊತ್ತು ಮುಳುಗಿತೆಂದರೆ ಎದುರಿನ ಗೋಡೆಯನ್ನೂ ಕಾಣದು.

ನಾಲ್ಕಾಯಿತು, ಐದಾಯಿತು, ಅವರು ಬರಲಿಲ್ಲ. ಐದೂಕಾಲಿಗೆ ಬಂದವನು ಕಲ್ಲುಕ್ವಾರಿಯ ಓಬಳೇಶ, ಕೈಯಲ್ಲಿ ನಮ್ಮನೆಯವರ ಖಾಕಿ ಚೀಲ. ಮೀಟರ್ ಪುಸ್ತಕ ಅದರೊಳಗೇ ಇತ್ತು.

"ಅಕ್ಕಾ, ಹೆದರ್ಕಬ್ಯಾಡಿ," ಎಂದ. ಹಾಗೆಂದವರನ್ನು ಕಂಡರೆ ನನಗೆ ಇನ್ನೂ ಹೆದರಿಕೆ. "ಇದು ಹಳೇ ಕ್ವಾರಿ ದಾರೀಲಿ ಬಿದ್ದಿತ್ತು. ಸ್ವಾಮ್ಯೋರು ಅಡ್ಡದಾರಿ ಹಿಡಿದವ್ರೆ ಅಂತ ಕಾಣ್ತದೆ. ಅಲ್ಲಿ ನಲವತ್ತು ಹೊಂಡ ಐತೆ, ಮೇಲೆಲ್ಲ ಲಂಟಾನ ಮುಚ್ಕಂಡೈತೆ. ಹನ್ನೆರಡು ಆಳು ಹಗ್ಗ ತಗಂಡು ಹೋಗವ್ರೆ. ಹೊತ್ತೊಂದಿದ್ರೆ ಒಂದೊಂದೇ ಹೊಂಡ ನೋಡ್ಕಂಡು ಬತ್ತೀವಿ. ಕತ್ತಲಾತು ಅಂದ್ರೆ ನಾವೇ ಬೀಳ್ತೀವಿ." ಒಳಗಿನ ಕಪ್ಪು ಪೆಟ್ಟಿಗೆಯ ಕಡೆ ಕಣ್ಣು ಹಾಯಿಸಿದ. "ಹೊತ್ತು ಹಿಡಿಯಕ್ಕಾಯ್ತದಾ ಅಕ್ಕಾ?"

"ಎಷ್ಟು ಬೇಕಾದರೂ," ಎಂದೆ. ಆ ಗಳಿಗೆಯಲ್ಲೂ, ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ದನಿ ಏರಿತು. "ಐದು ಡಿಸ್ಕಿನದಪ್ಪ ಅದು. ನೀವು ಹುಡುಕಿ."

ಆ ದಿನದ ಸರದಿ ಗಾಣದ ಬೀದಿಯದು. ಅವರ ಸಿನಿಮಾ ಮುಗಿಯಲು ಇನ್ನು ಹೆಚ್ಚು ಹೊತ್ತಿರಲಿಲ್ಲ. ಐದು ಕುಳಿಗೂ ಡಿಸ್ಕ್ ತುಂಬಿದೆ. ಹೊಸದರ ಪ್ಲಾಸ್ಟಿಕ್ಕನ್ನು ಹಲ್ಲಿನಿಂದಲೇ ಹರಿದೆ. ನಾಲ್ಕು ಸಿನಿಮಾಗಳ ಕೊನೆ ನನಗೆ ಗೊತ್ತಿತ್ತಾದ್ದರಿಂದ ಊರಿನ ಅತಿ ದೊಡ್ಡ ಪ್ಲೇಯರಿನ ಒಡತಿಯಾಗಿ ನಾನು ಅವುಗಳಿಂದ ಒಂದು ನಿಮಿಷದ ಬೆಳಕನ್ನೂ ಹಿಡಿಯುವ ಹಾಗಿರಲಿಲ್ಲ. ಅದೃಷ್ಟಕ್ಕೆ ಅತ್ತೆ ಗುರುಬಸಮ್ಮ ಇದ್ದರು. ಯಾವ ಸಿನಿಮಾ ಹಾಕಿದರೂ ಅರ್ಧಕ್ಕೆ ನಿದ್ದೆ ಹೋಗುವುದು ಅವರ ಪದ್ಧತಿ. ನಮ್ಮ ಮನೆಯಲ್ಲಿ ಯಾವ ಕೊನೆಯೂ ಗೊತ್ತಿಲ್ಲದವರು ಅವರೊಬ್ಬರೇ. ಹೊಸದು ಕೊನೆಗಿರಲಿ ಎಂದು ಬಿಟ್ಟು, ಮೊದಲನೆಯದನ್ನು ಒತ್ತಿದೆ.

"ಅತ್ತೆ, ಇಲ್ಲಿ ಕೂತ್ಕೊಳ್ಳಿ. ಇದನ್ನ ನೋಡಿ. ಬೇರೆ ಏನೂ ಮಾಡಬೇಡಿ."

"ನನ್ನ ಮಗ ಎಲ್ಲೋ ಬಿದ್ದಿದಾನೆ, ನಾನು ಸಿನ್ಮಾ ನೋಡ್ಲಾ?"

"ನೀವು ನೋಡಿದರೇ ಅವರು ಸಿಗೋದು."

ಪಾಪ, ಕೂತರು. ಕಣ್ಣನ್ನು ಪರದೆಯ ಮೇಲೇ ಇಟ್ಟರು. ನಾನು ಕಿಟಕಿಯಲ್ಲಿ ನಿಂತು ಗುಡ್ಡ ನೋಡಿದೆ. ಗಾಣದ ಬೀದಿಯ ಸಿನಿಮಾ ಮುಗಿದದ್ದು ಅಲ್ಲಿಯ ಬಾಗಿಲುಗಳ ಸದ್ದಿನಿಂದಲೇ ಗೊತ್ತಾಯಿತು. ಸೂರ್ಯ ಇಳಿಯಲಿಲ್ಲ. ನಾನು ಉಸಿರು ಬಿಟ್ಟೆ. ಬೀದಿಯವರು ಹೊರಗೆ ಬಂದು ಆಕಾಶ ನೋಡಿ, ನಮ್ಮ ಮನೆ ನೋಡಿ, ಕಾರಣ ಕೇಳಿ ತಿಳಿದು, ಅಯ್ಯೋ ಪಾಪ ಎಂದರು. ಆದರೆ ಅರ್ಧ ಗಂಟೆಯಾಗಿರಬಹುದು, ಅಂಗಳದಲ್ಲಿ ತುಳಸಿಯ ನೆರಳು ಉದ್ದವಾದದ್ದು ನನ್ನ ಕಣ್ಣಿಗೆ ಬಿತ್ತು. ಒಂದು ಗೇಣು, ಮತ್ತೆ ಒಂದು ಗೇಣು. ತಿರುಗಿ ನೋಡಿದರೆ ಅತ್ತೆ ಎಚ್ಚರವಾಗಿಯೇ ಇದ್ದರು. ಕಣ್ಣು ತೆರೆದೇ ಇತ್ತು. ತುಟಿ ಮಾತ್ರ ಶಿವಾ ಶಿವಾ ಎನ್ನುತ್ತಿತ್ತು.

"ಅತ್ತೆ, ಆ ಹುಡುಗಿ ಯಾಕೆ ಅಳ್ತಿದಾಳೆ?" ಎಂದೆ.

"ಯಾವ ಹುಡ್ಗಿ?" ಎಂದರು.

ಮನಸ್ಸು ಕ್ವಾರಿಯಲ್ಲಿರುವಾಗ ಕಣ್ಣು ಎಲ್ಲಿದ್ದರೇನು? ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನೆರಳು ಹರಿಯುತ್ತಲೇ ಇತ್ತು. ಅಷ್ಟರಲ್ಲಿ ಎದುರು ಮನೆಯ ಹಸೀನಾಬಿ ಸೆರಗು ಸರಿಮಾಡಿಕೊಳ್ಳುತ್ತ ಒಳಗೆ ಬಂದರು. ರಂಜಾನಿನ ತಿಂಗಳು. ಬೆಳಗಿನ ಜಾವದಿಂದ ಹನಿ ನೀರು ಕುಡಿಯದ ತುಟಿ ಬೆಳ್ಳಗಾಗಿತ್ತು.

"ಎರಡನೇದು ಹಾಕು ಮಂಗಳಾ, ಅದನ್ನ ನಾನು ನೋಡಿಲ್ಲ. ನೀನು ಕಳ್ಸಿದ್ದಾಗ ಮಗಳ ಬಾಣಂತನಕ್ಕೆ ಹೋಗಿದ್ದೆ," ಎಂದು ಚಾಪೆಯ ಮೇಲೆ ಕೂತರು.

"ಹಸೀನಾಬಿ, ನೀವು ನೋಡಿದಷ್ಟೂ ಹೊತ್ತು ನೀವೇ ಉಪವಾಸ ಬಿಡೋ ಹಾಗಿಲ್ಲ."

"ಗೊತ್ತಮ್ಮ, ನಾನೇನು ಬೇರೆ ಊರಿಂದ ಬಂದೋಳಾ? ರೋಜಾದಲ್ಲಿ ಸಿನಿಮಾ ನೋಡಿದ್ಲು ಅಂತ ನಮ್ಮನೆಯವರು ಒಂದು ವಾರ ಬೈತಾರೆ, ಅದೂ ಗೊತ್ತು. ಷಡಕ್ಷರಿ ಬಂದ್ಮೇಲೆ ಅವರ ಹತ್ರ ಹೇಳ್ಸು, ಬೈಗುಳ ಎರಡು ದಿನ ಕಮ್ಮಿಯಾಗುತ್ತೆ. ಹಾಕು."

ತಟ್ಟೆ ತಿರುಗಿತು. ಹನ್ನೊಂದು ಎಣಿಸಿದೆ. ಆ ಹನ್ನೊಂದರಲ್ಲಿ ಬಿಳಿ ಬಿಸಿಲು ಹಳದಿಯಾಯಿತು. ಆಮೇಲೆ ನೆರಳು ಮೊಳೆ ಹೊಡೆದ ಹಾಗೆ ನಿಂತಿತು. ಹಸೀನಾಬಿ ಸಿನಿಮಾ ನೋಡುವುದೆಂದರೆ ನೋಡುವುದು. ಪರದೆಯವರ ಜೊತೆ ಜಗಳ ಆಡುತ್ತಾರೆ, ಬುದ್ಧಿ ಹೇಳುತ್ತಾರೆ. "ಹೋಗಬೇಡವೋ ಅವನ ಜೊತೆ, ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದು ತೊಡೆ ತಟ್ಟಿಕೊಳ್ಳುತ್ತಿದ್ದರು. ಒಣಗಿದ ಗಂಟಲಿನಿಂದ ಮಾತು ಕರಕರ ಎನ್ನುತ್ತಿತ್ತು. ಗುಡ್ಡದ ಕಡೆಯಿಂದ ಆಗಾಗ ಕೂಗು ಕೇಳುತ್ತಿತ್ತು, ಅದು ಹುಡುಕುವವರದ್ದೋ ಸಿಕ್ಕವರದ್ದೋ ತಿಳಿಯುತ್ತಿರಲಿಲ್ಲ. ಒಂದೂವರೆ ಗಂಟೆ ಹಾಗೆ ನಡೆಯಿತು. ಇಷ್ಟು ಹೊತ್ತು ಊರಿನಲ್ಲಿ ಹಿಂದೆಂದೂ ಯಾರೂ ಬೆಳಕು ಹಿಡಿದಿರಲಿಲ್ಲ.

ಕಿಟಕಿಯ ಹೊರಗೆ ಜನ ಸೇರಿದ್ದರು. ಮೊದಲಿನ ಮರುಕ ನಿಧಾನವಾಗಿ ಹಸಿವಿಗೆ ದಾರಿ ಬಿಡುತ್ತಿತ್ತು. ಹೂವಿನ ಕೆಂಚಮ್ಮ ಬುಟ್ಟಿ ಇಳಿಸಿ, "ಮಂಗಳವ್ವಾ, ಮೊಗ್ಗು ಬಾಯಿ ಬಿಡ್ತಾ ಇಲ್ಲ ಕಣವ್ವ, ನನ್ನ ಹಾಗೇ ಮುಖ ಗಂಟಾಕ್ಕಂಡವೆ," ಎಂದಳು. ಎಲ್ಲೋ ಕರು ಬಿಡದೆ ಹಸು ಕೂಗುತ್ತಿತ್ತು. ಆಗ ಗುಂಪಿನ ಹಿಂದಿನಿಂದ ಒಂದು ಗಂಡು ದನಿ, ಯಾರದೆಂದು ನನಗೆ ಗೊತ್ತಿದೆ, ಹೆಸರು ಬರೆಯುವುದಿಲ್ಲ, ಒಮ್ಮೆಲೇ ಕೂಗಿತು: "ಸಾಕು ಮಾಡ್ರೋ! ಆ ಅಣ್ಣ ಕೊನೇಗೆ ಸಾಯ್ತಾನೆ! ತಮ್ಮನೇ ಹೊಡಿಯೋದು!"

ಕೆಂಚಮ್ಮ ತಿರುಗಿ, "ಥೂ ನಿನ್ನ ನಾಲಿಗೆ ಸೇದೋಗ! ಹೆಂಗಸಿನ ಮುಂದೆ ಆಡೋ ಮಾತೇನೋ ಅದು?" ಎಂದು ಬುಟ್ಟಿಯ ಮುಚ್ಚಳ ಎಸೆದಳು. ಪಕ್ಕದಲ್ಲಿದ್ದ ಅವನ ತಾಯಿಯೇ ಅವನ ಬೆನ್ನಿಗೆ ಗುದ್ದಿದಳಂತೆ. ಏನು ಮಾಡಿದರೇನು, ಹಸೀನಾಬಿಗೆ ಕೊನೆ ಗೊತ್ತಾಗಿಹೋಗಿತ್ತು. ಹಳದಿ ಬೆಳಕು ಕೆಂಪಾಗತೊಡಗಿತು.

ಮೂರನೆಯದನ್ನು ಒತ್ತಿ, ಕಿಟಕಿಗೆ ಬಂದು ಕೇಳಿದೆ. "ಇದನ್ನ ನೋಡದೆ ಇರೋರು ಯಾರಾದ್ರೂ ಇದ್ದೀರಾ?" ಯಾರೂ ಕೈ ಎತ್ತಲಿಲ್ಲ. "ನಾಲ್ಕನೆಯದು?" ಎಲ್ಲರೂ ಕಾಲ ಬೆರಳು ನೋಡಿಕೊಂಡರು. ಕೆಂಚಮ್ಮ ಮೆಲ್ಲಗೆ, "ನೀವೇ ಹೊಸ ಚೀಲಕ್ಕೆ ಹಾಕಿ ಕಳಿಸ್ತಿದ್ರಲ್ಲವ್ವ, ಬಿಡಕ್ಕಾಯ್ತದಾ? ನಾನು ಎರಡು ಸಲ ನೋಡಿದೆ," ಎಂದಳು. ನನ್ನ ಹೆಮ್ಮೆಯನ್ನು ನಾನೇ ಮನೆಮನೆಗೆ ಹಂಚಿ ಮುಗಿಸಿದ್ದೆ. ಐದು ಕುಳಿಯ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಕುಳಿ. ಒತ್ತಿದೆ. ತಟ್ಟೆ ತಿರುಗುವಾಗ ಸೂರ್ಯನ ಕೆಳಗಿನ ಅಂಚು ಗುಡ್ಡಕ್ಕೆ ತಾಗಿತು.

ಪರದೆಯ ಮೇಲೆ ಹಿಮ. ಎಲ್ಲಿ ನೋಡಿದರೂ ಬಿಳುಪು. ಒಬ್ಬ ಗಡ್ಡದವನು ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಯಾವ ದೇಶದ ಭಾಷೆಯೋ, ಕಿವಿಗೆ ಕಲ್ಲು ಉರುಳಿದ ಹಾಗೆ ಕೇಳುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತಿತ್ತು.

"ಇದೇನೇ ಇದು?" ಎಂದರು ಅತ್ತೆ. ಹಸೀನಾಬಿ ಹಣೆಗೆ ಕೈ ಇಟ್ಟುಕೊಂಡು, "ಇದು ನನ್ನ ಕೈಲಿ ಆಗಲ್ಲ ಮಂಗಳಾ, ಒಂದಕ್ಷರ ತಿಳಿಯಲ್ಲ," ಎಂದು ಗೋಡೆಗೆ ಒರಗಿದರು.

ಕಥೆ ತಿಳಿಯದವರ ಎದುರು ಕಥೆ ಓಡಿದರೆ ಸೂರ್ಯನಿಗೆ ಅದು ಬರೀ ಗೋಡೆ, ಅವನು ನಿಲ್ಲುವುದಿಲ್ಲ. ಅಲ್ಲಿ ಆ ಅಕ್ಷರ ಓದಬಲ್ಲವಳು ನಾನೊಬ್ಬಳೇ. ಕೂತೆ. ಕೂತ ಕೂಡಲೆ ಕೈ ರಿಮೋಟಿಗೆ ಹೋಯಿತು. ಆ ಗಡ್ಡದವನು ಅಂಚೆಯವನು. ಹಿಮದಾಚೆಯ ಹಳ್ಳಿಯೊಂದಕ್ಕೆ ಕಾಗದ ಒಯ್ಯುತ್ತಿದ್ದಾನೆ, ದಾರಿ ಮುಚ್ಚಿಹೋಗಿದೆ. ಅವನು ಮುಟ್ಟುತ್ತಾನೋ ಇಲ್ಲವೋ? ಹತ್ತೇ ನಿಮಿಷ, ಕೊನೆಯ ಹತ್ತು ನಿಮಿಷ ನೋಡಿಬಿಟ್ಟರೆ ನನ್ನ ಎದೆ ಇಷ್ಟು ಬಡಿದುಕೊಳ್ಳುವುದಿಲ್ಲ. ಕೊನೆ ನೋಡಿದರೆ ಬೆಳಕಿಲ್ಲ ಎಂದು ಗೊತ್ತಿದ್ದೂ ಬೆರಳು ಗುಂಡಿಯನ್ನು ಬಿಡಲೊಲ್ಲದು. "ಅತ್ತೆ, ಇದನ್ನ ಇಟ್ಕೊಳ್ಳಿ. ನಾನು ಕೇಳಿದರೂ ಕೊಡಬೇಡಿ," ಎಂದು ಅವರ ಕೈಗೆ ಹಾಕಿದೆ. ಅವರು ಯಾಕೆ ಎಂದು ಕೇಳದೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಬೆಳಕು ನಿಲ್ಲಬೇಕಾದರೆ ನಾನು ನಮ್ಮನೆಯವರನ್ನು ಮರೆಯಬೇಕು. ಅತ್ತೆಗೆ ಆಗದಿದ್ದದ್ದು ನನಗೆ ಆಗಬೇಕು. ಕುದುರೆಯ ಕಾಲು ಹಿಮದಲ್ಲಿ ಹೂತರೆ ನನಗೆ ಲಂಟಾನದ ಕೆಳಗಿನ ಹೊಂಡ ಕಾಣುತ್ತಿತ್ತು, ನೆಲದ ಮೇಲಿನ ಕೆಂಪು ಚೌಕ ಒಂದು ಬೆರಳು ಜಾರುತ್ತಿತ್ತು. ಮತ್ತೆ ಮನಸ್ಸನ್ನು ಕುದುರೆಗೆ ತಂದು ಕಟ್ಟಿದರೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಹೀಗೆ ಎಷ್ಟು ಸಲವೋ. ಆಗ ನನಗೆ ಹೊಳೆದದ್ದು, ಗಟ್ಟಿಯಾಗಿ ಓದಿದರೆ? ಬಾಯಿ ಕಥೆಯನ್ನು ಹಿಡಿದರೆ ಮನಸ್ಸು ಅದರ ಹಿಂದೆ ಬಂದೀತು. ಕೆಳಗೆ ಬಂದ ಅಕ್ಷರಗಳನ್ನು ಕನ್ನಡ ಮಾಡಿ ಹೇಳತೊಡಗಿದೆ. "'ನಿನಗೆ ಚಳಿಯಾದರೆ ನನಗೂ ಚಳಿ' ಅಂತಾನೆ ಕುದುರೆಗೆ. 'ಚೀಲದಲ್ಲಿ ಹದಿನೇಳು ಕಾಗದ ಇದೆ, ಒಂದೊಂದನ್ನೂ ಒಬ್ಬೊಬ್ಬರು ಕಾಯ್ತಿದಾರೆ. ನನ್ನನ್ನ ಯಾರೂ ಕಾಯ್ತಿಲ್ಲ, ಅದಕ್ಕೇ ನನಗೆ ಅವಸರ' ಅಂತಾನೆ."

"ಅಯ್ಯೋ, ಮದುವೆ ಆಗಿಲ್ವಂತಾ?" ಎಂದರು ಅತ್ತೆ.

"ತಡೀರಿ ಅತ್ತೆ, ಹೇಳ್ತಾನೆ."

ಮೊದಮೊದಲು ಒಂದು ಪದ ತಪ್ಪಿದರೂ ಬೆಳಕು ಹೋದೀತೆಂದು ಹೆದರಿ ಪ್ರತಿಯೊಂದನ್ನೂ ತೂಗಿ ಇಡುತ್ತಿದ್ದೆ. ಕಾಲೇಜು ಬಿಟ್ಟು ಹನ್ನೊಂದು ವರ್ಷ, ಇಂಗ್ಲಿಷನ್ನು ಔಷಧಿಯ ಚೀಟಿಯ ಮೇಲೆ ಬಿಟ್ಟು ಬೇರೆ ಎಲ್ಲೂ ಓದಿರಲಿಲ್ಲ. ಆದರೂ ಬಂತು. ಕುದುರೆ ಒಂದು ಕಡೆ ಮಲಗಿಬಿಟ್ಟಿತು, ಏಳಲೊಲ್ಲದು. ಅಂಚೆಯವನು ಅದರ ಪಕ್ಕ ಕೂತು, ಅದಕ್ಕೆ ಬೇಜಾರಾಗದಿರಲಿ ಎಂದು, ತಲುಪಿಸಬೇಕಾದ ಕಾಗದಗಳ ವಿಳಾಸ ಓದಿ ಹೇಳುತ್ತಾನೆ. ಇಂಥ ಬೀದಿ, ಇಂಥವರ ಮನೆ, ಇಂಥವರ ಮಗಳು. ನಾನೂ ಓದಿ ಹೇಳಿದೆ. ಯಾವಾಗಲೋ ಹೊರಗಿನ ಗಲಾಟೆ ನಿಂತಿದ್ದನ್ನು ಗಮನಿಸಿದೆ. ಕೆಂಚಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಹಿಂದೆ ಜಗುಲಿ ತುಂಬ ಜನ. ಕಿಟಕಿಯ ಸರಳಿಗೆ ಮುಖಗಳು ಒತ್ತಿಕೊಂಡಿದ್ದವು. ಕೊನೆ ಕೂಗಿದವನೂ ಅಲ್ಲೇ ಒಂದು ಮೂಲೆಯಲ್ಲಿದ್ದ.

"ಎದ್ದೇಳ್ತದಾ ಕುದ್ರೆ?" ಎಂದು ಯಾರೋ ಪಿಸುಗುಟ್ಟಿದರು.

"ಬಾಯ್ಮುಚ್ಚು, ಅವ್ವ ಹೇಳ್ತಾವ್ಳೆ," ಎಂದಳು ಕೆಂಚಮ್ಮ.

ಅಷ್ಟು ಜನ ಕೊನೆ ಗೊತ್ತಿಲ್ಲದೆ ನನ್ನ ಬಾಯಿ ನೋಡುತ್ತಿದ್ದರು. ನೆಲದ ಮೇಲಿನ ಕೆಂಪು ಚೌಕ ನಿಂತಿತ್ತು. ನಿಂತದ್ದಷ್ಟೇ ಅಲ್ಲ, ಸ್ವಲ್ಪ ಹಿಂದಕ್ಕೆ ಬಂದಿತ್ತು. ನನಗೆ ಹಾಗೆ ಕಂಡಿತು, ಸಣ್ಣದನ್ನೆಲ್ಲ ಗಮನಿಸುವ ಕಣ್ಣು ನನ್ನದು. ಗೋಡೆ ಬಂಗಾರದ ನೀರು ಹೊಯ್ದ ಹಾಗಿತ್ತು. ನಾನು ದನಿ ಎತ್ತರಿಸಿದೆ.

ಕುದುರೆ ಎದ್ದಿತು. ಜಗುಲಿಯಲ್ಲಿ ಉಸಿರು ಬಿಟ್ಟ ಸದ್ದು ಗಾಳಿಯ ಹಾಗೆ ಬಂತು. ದೂರದಲ್ಲಿ, ಹಿಮದ ಆ ಕಡೆ, ಒಂದು ಬೆಳಕು. ಅದು ಹಳ್ಳಿಯೋ, ಅವನ ಕಣ್ಣಿನ ಭ್ರಮೆಯೋ? ಅವನು ನಡೆಯತೊಡಗಿದ. ಆಗಲೇ ಹೊರಗೆ ಜನ ದಾರಿ ಬಿಟ್ಟರು. ಓಬಳೇಶನ ಬೆನ್ನ ಮೇಲೆ ನಮ್ಮನೆಯವರು ಬಂದರು. ಅಂಗಿಯೆಲ್ಲ ಮುಳ್ಳು ಗೀರಿತ್ತು, ಒಂದು ಕಾಲು ಕುಂಬಳಕಾಯಿಯ ಹಾಗೆ ಊದಿತ್ತು. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಮೂವತ್ತಾರನೇ ಹೊಂಡ ಅಕ್ಕಾ," ಎಂದ ಓಬಳೇಶ. "ಬೆಳಕು ಇರೋದಕ್ಕೆ ಚಪ್ಲಿ ಕಂಡ್ತು."

ಅತ್ತೆ ಮಗನ ಮುಖ ಹಿಡಿದುಕೊಂಡು ಅಳಲು ಶುರುಮಾಡಿದರು. ನಾನು ಎದ್ದು ನಿಂತೆ. ಅವರು ಸಿಕ್ಕಿದರು ಎಂಬುದು ಇನ್ನೂ ಮೈಗೆ ಇಳಿಯುವ ಮುಂಚೆ ಜಗುಲಿಯಿಂದ ಕೆಂಚಮ್ಮ, "ಬಂದ್ರಲ್ಲ ಸ್ವಾಮಿ, ಒಳ್ಳೇದಾಯ್ತು. ಆ ಕಡೆ ಕೂತ್ಕಳ್ಳಿ. ಅವ್ವಾ, ಮುಂದಕ್ಕೆ ಹೇಳಿ, ಆ ಬೆಳಕು ಹಳ್ಳೀದಾ?" ಎಂದಳು. ಹೂವು, ಹಸು, ಒಲೆ ಎಲ್ಲ ಮರೆತುಹೋಗಿತ್ತು ಅವರಿಗೆ. "ಹೌದವ್ವ, ಹೇಳಿ," "ಇನ್ನೊಂದೀಟೇ ಐತೆ ಅನ್ಸುತ್ತೆ" ಎಂದು ನಾಲ್ಕಾರು ದನಿ ಕೂಡಿತು. ನನಗೂ, ಅವರೆಲ್ಲರಿಗಿಂತ ಹೆಚ್ಚಾಗಿ ನನಗೇ, ಗೊತ್ತಾಗಬೇಕಿತ್ತು. ಅವನು ಮುಟ್ಟಿದನೇ? ಇನ್ನು ಹತ್ತೇ ನಿಮಿಷವಿತ್ತು.

ಗೋಡೆಗೆ ಒರಗಿದ್ದ ಹಸೀನಾಬಿಯ ಕಡೆ ನೋಡಿದೆ. ಅವರು ಏನೂ ಕೇಳಲಿಲ್ಲ. ನನ್ನನ್ನು ನೋಡಿ ಆಗಲಿ ಎನ್ನುವ ಹಾಗೆ ತಲೆ ಆಡಿಸಿ ನಕ್ಕರು, ನಕ್ಕಾಗ ಕೆಳದುಟಿ ಬಿರಿದು ರಕ್ತದ ಗೆರೆ ಮೂಡಿತು.

"ಅತ್ತೆ, ರಿಮೋಟ್ ಕೊಡಿ," ಎಂದೆ.

"ಕೇಳಿದ್ರೂ ಕೊಡಬೇಡ ಅಂದಿದ್ದೆ."

"ಮುಂದಕ್ಕೆ ಓಡಿಸಕ್ಕಲ್ಲ. ಕೊಡಿ."

ಆರಿಸಿದೆ. ಅಂಚೆಯವನು ಹಿಮದ ನಡುವೆ ಎತ್ತಿದ ಕಾಲಿನಲ್ಲೇ ಹೋಗಿಬಿಟ್ಟ. ಜಗುಲಿಯಿಡೀ ಒಟ್ಟಿಗೆ "ಅಯ್ಯೋ!" ಎಂದಿತು. ಆ ಸದ್ದು ಮುಗಿಯುವಷ್ಟರಲ್ಲಿ ಸೂರ್ಯ, ಅಷ್ಟು ಹೊತ್ತು ತಡೆದುಕೊಂಡಿದ್ದವನು, ಗುಡ್ಡದ ಹಿಂದೆ ಇಳಿದ. ಕಪಾಟಿನ ಬಾಗಿಲು ಮುಚ್ಚಿದ ಹಾಗೆ ಮಬ್ಬು ಕವಿಯಿತು. ಮಸೀದಿಯ ಬಾಂಗ್ ಕೇಳಿಸಿತು. ತಂಬಿಗೆಯನ್ನೇ ತಂದು ಹಸೀನಾಬಿಯ ಕೈಗಿಟ್ಟೆ. ಅವರು ಕಣ್ಣು ಮುಚ್ಚಿ ತುಟಿ ಆಡಿಸಿ, ಒಂದೊಂದೇ ಗುಟುಕು ಕುಡಿದರು. ನಾನು ಆ ಗುಟುಕುಗಳನ್ನು ಎಣಿಸಲಿಲ್ಲ. ಕೆಂಚಮ್ಮನ ಬುಟ್ಟಿಯಿಂದ ಹೂವಿನ ವಾಸನೆ ಎದ್ದು ಮನೆ ತುಂಬಿತು.

"ಆ ಮನುಷ್ಯ ಏನಾದ?" ಎಂದು ಹಸೀನಾಬಿ ತಂಬಿಗೆ ಕೆಳಗಿಟ್ಟು ಕೇಳಿದರು.

"ನನಗೆ ಗೊತ್ತಿಲ್ಲ," ಎಂದೆ. ಆ ಎರಡು ಪದ ನನ್ನ ಬಾಯಿಂದ ಅಷ್ಟು ಹಗುರವಾಗಿ ಹಿಂದೆ ಯಾವತ್ತೂ ಬಂದಿರಲಿಲ್ಲ.

ನಮ್ಮನೆಯವರನ್ನು ಕುರ್ಚಿಯ ಮೇಲೆ ಕೂರಿಸಿದ್ದರು. ಲೈಟ್ ಹಾಕಿದರೂ ಅವರಿಗೆ ಇನ್ನು ಕಾಣುವುದು ಮಸುಕು ಮಾತ್ರ. ಕೈ ಮುಂದೆ ಚಾಚಿ, "ಮಂಗಳಾ, ಎಲ್ಲಿದೀಯ?" ಎಂದರು.

"ಇಲ್ಲೇ ಇದೀನಿ."

ಕೈ ಹಿಡಿದುಕೊಂಡರು. ತುಂಬ ಜನರ ಉಸಿರು, ಸೀರೆಯ ಸರಪರ, ಮಕ್ಕಳ ಗುಸುಗುಸು ಅವರಿಗೆ ಕೇಳಿಸುತ್ತಿರಬೇಕು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಯಾರ್ಯಾರಿದ್ದಾರೆ ಇಲ್ಲಿ? ಏನು ನಡೀತಿದೆ ನಮ್ಮನೇಲಿ?" ಎಂದು ಕೇಳಿದರು.

ನಾನು ಅವರ ಪಕ್ಕ ಕೂತು, ಬಾಗಿಲಿನಿಂದ ಶುರುಮಾಡಿ ಒಬ್ಬೊಬ್ಬರ ಹೆಸರನ್ನೂ, ಅವರು ಕೂತ ಜಾಗವನ್ನೂ ಹೇಳುತ್ತ ಹೋದೆ. ಹೊಸ್ತಿಲ ಮೇಲೆ ಇಂಥವರು, ಕಿಟಕಿಯಲ್ಲಿ ಇಂಥವರು, ಜಗುಲಿಯ ಕಂಬದ ಹತ್ತಿರ ಇಂಥವರು. ಹೆಸರು ಬಂದವರು "ಹೂಂ" ಎನ್ನುತ್ತಿದ್ದರು. ಅರ್ಧ ಬೀದಿ ಮುಗಿಯುವಷ್ಟರಲ್ಲಿ ನನ್ನ ದನಿ ಎಷ್ಟು ಏರಿತ್ತೆಂದರೆ, ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.